ಕುಡಿಯದವನಿಗೆ ಮೊದಲ ರ‍್ಯಾಂಕು

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ‘ಮೇಲಿನವನು’ ಎಂದೇ ಕರೆಯುತ್ತಿದ್ದರು. ಕಬ್ಬಿಣದ ತಗಡುಗಳ ಕಟ್ಟು ಬಂದು ಬೀಳುವ ಆ ದೊಡ್ಡ ಶೆಡ್ಡಿನಲ್ಲಿ, ಸೂರಿನ ಕೆಳಗೆ ಹಳಿಯ ಮೇಲೆ ಓಡಾಡುವ ಕ್ರೇನು ನಡೆಸುವುದು ಅವನ ಕೆಲಸ. ಗಾಜಿನ ಗೂಡಿನಲ್ಲಿ ಕೂತು, ಕೆಳಗೆ ನಿಂತವನು ಮಾಡುವ ಕೈಸನ್ನೆ ನೋಡಿಕೊಂಡು, ಆನೆಯಂಥ ಹೊರೆಯನ್ನು ಇಲ್ಲಿಂದೆತ್ತಿ ಅಲ್ಲಿಡಬೇಕು. ಕೆಳಗಿನವರಿಗೆ ಏನಾದರೂ ತೊಡಕಾದರೆ "ಮೇಲಿನವನು ನೋಡ್ಕೋತಾನೆ ಬಿಡು" ಎಂದು ಬೆರಳು ಮೇಲೆತ್ತಿ ನಗುವರು. ಅವನೂ ಗಾಜಿನೊಳಗಿಂದ ಕೈಯೆತ್ತಿ ಆಶೀರ್ವಾದ ಮಾಡುವನು. ದೇವರ ಕೆಲಸಕ್ಕಿಂತ ಇದು ಕಷ್ಟವೆಂದು ನನ್ನ ಅಭಿಪ್ರಾಯ. ಇಲ್ಲಿ ಕೈತಪ್ಪಿದರೆ ಕೇಳುವ ಸೂಪರ್‌ವೈಸರ್ ಇದ್ದಾನೆ.

ಆದರೆ ಈ ಮೇಲಿನವನು ಒಂದು ಕಾಲದಲ್ಲಿ ತೀರಾ ಕೆಳಗೆ ಬಿದ್ದಿದ್ದ. ಆರು ವರ್ಷದ ಹಿಂದೆ, ಬೆಳಿಗ್ಗೆ ಬೆಳಿಗ್ಗೆಯೇ ಏರಿಸಿಕೊಂಡು ಬಂದು ಏಣಿಗೆ ಕೈಹಾಕಿದವನನ್ನು ಸೂಪರ್‌ವೈಸರ್ ಅಂಗಿ ಹಿಡಿದು ಇಳಿಸಿ, ಗೇಟಿನ ಪಕ್ಕದ ಗುಜರಿ ಅಂಗಳಕ್ಕೆ ಅಟ್ಟಿದ್ದ. ತುಕ್ಕು ಹಿಡಿದ ಚೂರುಗಳನ್ನು ಬೇರೆ ಬೇರೆ ಗುಡ್ಡೆ ಹಾಕುವ ಕೆಲಸ. ಗೇಟಿನ ಎದುರಿಗೇ ಸಾರಾಯಿ ಅಂಗಡಿ. ಕುಡುಕನನ್ನು ತಂದು ಅಲ್ಲಿ ಕೂರಿಸಿದ ಮಹಾನುಭಾವರ ತಲೆಗೆ ಏನನ್ನಬೇಕೋ ನನಗಂತೂ ಗೊತ್ತಿಲ್ಲ.

ಅಂಥ ಜಾಗದಲ್ಲಿ ಕೂತೇ ಅವನು ಕುಡಿತ ಬಿಟ್ಟ. ಬಿಡಿಸಿದವಳು ಹೆಂಡತಿ. ಅವಳು ಅಳಲಿಲ್ಲ, ಆಣೆ ಹಾಕಿಸಲಿಲ್ಲ, ತವರಿಗೂ ಹೋಗಲಿಲ್ಲ. ಒಂದೇ ಮಾತು ಹೇಳಿದಳು: "ಕುಡಿದು ಬಂದ್ರೆ ಬಾಗಿಲು ತೆಗೀತೀನಿ. ಸುಳ್ಳು ಹೇಳಿದ್ರೆ ತೆಗೆಯಲ್ಲ." ಅಂದಿನಿಂದ ದಿನವೂ ಸಂಜೆ ಅವನು ಚಪ್ಪಲಿ ಬಿಡುತ್ತಿದ್ದ ಹಾಗೆ ವಿಚಾರಣೆ ಶುರುವಾಗುತ್ತಿತ್ತು. ಕುಡಿಯುವ ಆಸೆಗೆ ಅವರಿಬ್ಬರೂ ‘ನೆಂಟ’ ಎಂದು ಹೆಸರಿಟ್ಟುಕೊಂಡಿದ್ದರು.

"ಇವತ್ತು ನೆಂಟ ಬಂದಿದ್ನಾ?"

"ಬಂದಿದ್ದ. ಗುಜರಿ ಗುಡ್ಡೆ ಮಧ್ಯಾಹ್ನಕ್ಕೇ ಆರಿಸಿ ಮುಗೀತು ನೋಡು, ಆಗ. ಖುಷಿಯಾದ್ರೆ ಸಾಕು, ಹಾಜರ್."

"ಎಷ್ಟೊತ್ತು ಇದ್ದ?"

"ಒಂದು ಬೀಡಿ ಸೇದೋವಷ್ಟು."

"ಬರ್ಲಿ ಹೋಗ್ಲಿ. ಊಟಕ್ಕೆ ಮಾತ್ರ ಕೂರಿಸ್ಬೇಡಿ."

ಇಷ್ಟು ಮಾತಾಡಿದ ಮೇಲೆಯೇ ತಟ್ಟೆ ಹಾಕುವುದು. ಹೀಗೆ ವರ್ಷಗಟ್ಟಲೆ ಒಪ್ಪಿಸಿ ಒಪ್ಪಿಸಿ, ಕುಡಿತದ ವಿಷಯದಲ್ಲಿ ಸುಳ್ಳು ಹೇಳುವುದೇ ಅವನಿಗೆ ಮರೆತುಹೋಗಿತ್ತು. ಎರಡು ವರ್ಷ ಗುಜರಿ ಆರಿಸಿದ ಮೇಲೆ ಮತ್ತೆ ಕ್ರೇನು ಹತ್ತಿಸಿದರು. ಮೊದಲ ದಿನ ಗೂಡಿನೊಳಗೆ ಕೂತು ಅವನು ಅತ್ತದ್ದನ್ನು ಕೆಳಗಿನವರು ಗಾಜಿನ ಮೇಲಿನ ಧೂಳಿನಿಂದಾಗಿ ನೋಡಲಿಲ್ಲ.

ಆ ಶೆಡ್ಡಿನ ಇನ್ನೊಂದು ಕ್ರೇನು ಅವನ ಭಾವನದು, ಅಂದರೆ ಹೆಂಡತಿಯ ಅಣ್ಣನದು. ಇವನು ಬಾಯಿತುಂಬ ಭಾವ ಭಾವ ಎಂದು ಕರೆದೂ ಕರೆದೂ ಇಡೀ ಶೆಡ್ಡಿಗೇ ಆತ ಭಾವನಾಗಿಬಿಟ್ಟಿದ್ದ. ಸೂಪರ್‌ವೈಸರ್ ಕೂಡ ಒಮ್ಮೊಮ್ಮೆ ಬಾಯಿತಪ್ಪಿ "ಏನ್ ಭಾವ" ಅಂದುಬಿಡುತ್ತಿದ್ದ. ಮದುವೆಯಾಗದ ಒಂಟಿ ಜೀವ, ತಂಗಿಯ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆ. ಭಾವ ಕುಡಿಯುತ್ತಿದ್ದ. ದಿನವೂ, ಸಂಜೆ, ಗಡಿಯಾರ ನೋಡಿಕೊಂಡು. ಬಿದ್ದದ್ದಿಲ್ಲ, ಕೂಗಾಡಿದ್ದಿಲ್ಲ, ಕೆಲಸ ತಪ್ಪಿಸಿದ್ದಿಲ್ಲ. ತಂಗಿಯ ಮನೆಯಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಆದ್ದರಿಂದ ಭಾವ ಕುಡಿಯುತ್ತಾನೆ ಎನ್ನುವುದು ಭಾವನಿಗೆ ಮೀಸೆಯಿದೆ ಎನ್ನುವ ಹಾಗೆ, ಎಲ್ಲರಿಗೂ ಗೊತ್ತಿದ್ದು ಯಾರೂ ಮಾತಾಡದ ಸಂಗತಿಯಾಗಿತ್ತು.

ಹೀಗಿರುವಾಗ ಬೇರೆ ಯಾವುದೋ ಕಾರ್ಖಾನೆಯಲ್ಲಿ ಕ್ರೇನಿನಿಂದ ಹೊರೆ ಜಾರಿ ಬಿತ್ತು. ಅದು ಬಿದ್ದ ಸದ್ದಿಗೆ ಇಲ್ಲಿಯ ದೊಡ್ಡ ಆಫೀಸಿನವರು ನಿದ್ದೆಯಿಂದೆದ್ದು ಒಂದು ಪ್ರಶ್ನೆಪತ್ರಿಕೆ ಕಳಿಸಿದರು. ಯಾರಿಗೆ ಕುಡಿತದ ತೊಂದರೆಯಿದೆ, ಯಾರಿಗಿಲ್ಲ ಎಂದು ಜರಡಿ ಹಿಡಿಯುವ ಪತ್ರಿಕೆ. ಮೂವತ್ತು ಮಾರ್ಕು. ಎಂಟು ದಾಟಿದವರು ಕ್ರೇನು ಹತ್ತುವಂತಿಲ್ಲ. ಓದಿ ಹೇಳುವ ಕೆಲಸ ಪ್ರಥಮ ಚಿಕಿತ್ಸೆ ಕೋಣೆಯ ನರ್ಸಮ್ಮನ ಪಾಲಿಗೆ ಬಂತು. ಪತ್ರಿಕೆಯಲ್ಲಿದ್ದದ್ದನ್ನು ಇದ್ದ ಹಾಗೆಯೇ ಓದಬೇಕು, ಸ್ವಂತ ಮಾತು ಸೇರಿಸಬಾರದು ಎಂದು ಅವಳಿಗೆ ಕಟ್ಟಪ್ಪಣೆಯಾಗಿತ್ತು.

ಮೇಲಿನವನು ಕೈಯೊರೆಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಅವನಿಗೇನೂ ಭಯವಿರಲಿಲ್ಲ. ಆರು ವರ್ಷದಿಂದ ಕೆಮ್ಮಿನ ಔಷಧಿಯನ್ನೂ ವಾಸನೆ ನೋಡಿ ಕುಡಿಯುವ ಮನುಷ್ಯ.

"ಎಂದಾದರೂ ಕುಡಿತವನ್ನು ಕಡಿಮೆ ಮಾಡಬೇಕು ಎಂದು ಅನ್ನಿಸಿದೆಯೇ?" ನರ್ಸಮ್ಮ ಓದಿದಳು.

"ಅನ್ನಿಸ್ದೇ ಬಿಟ್ನಾ ನರ್ಸಮ್ಮ?"

"ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ."

"ಹೌದು."

"ಕುಡಿತದ ಬಗ್ಗೆ ಎಂದಾದರೂ ಪಶ್ಚಾತ್ತಾಪ ಆಗಿದೆಯೇ?"

"ಎಂದಾದರೂ ಏನು, ಈಗ್ಲೂ ಆಗ್ತಿದೆ. ನೀವು ಕೇಳಿದ್ರಲ್ಲ, ಇನ್ನೂ ಜಾಸ್ತಿ ಆಯ್ತು."

"ಹೌದು," ಎಂದು ನರ್ಸಮ್ಮ ಗುರುತು ಹಾಕಿದಳು. "ಬೆಳಿಗ್ಗೆ ಎದ್ದ ಕೂಡಲೇ ಕುಡಿದದ್ದು ಉಂಟೇ?"

"ಹಲ್ಲುಜ್ಜೋ ಮುಂಚೇನೂ, ಆಮೇಲೂ. ಆಗ."

"ಕುಡಿದಾಗ ನಡೆದದ್ದು ಮಾರನೇ ದಿನ ನೆನಪಿಲ್ಲದೆ ಹೋದದ್ದು ಉಂಟೇ?"

"ನನ್ನ ತಮ್ಮನ ಮದುವೆ ಇಡೀ ನೆನಪಿಲ್ಲ. ಫೋಟೋದಲ್ಲಿ ಮಾತ್ರ ಇದ್ದೀನಿ."

"ಕುಡಿಯಬೇಕೆಂಬ ಬಲವಾದ ಆಸೆ ಬರುತ್ತದೆಯೇ? ವಾರಕ್ಕೊಮ್ಮೆಯೇ, ದಿನವೂ ಬರುತ್ತದೆಯೇ?"

"ದಿನಾ ಬರುತ್ತೆ. ಇವತ್ತು ಇನ್ನೂ ಬಂದಿಲ್ಲ. ಬರೋ ಹೊತ್ತಾಯ್ತು."

ನರ್ಸಮ್ಮ ಪೆನ್ನು ಹಿಡಿದು ಅವನ ಮುಖವನ್ನೇ ನೋಡಿದಳು. ಅವಳಿಗೆ ಅವನ ಕಥೆ ಗೊತ್ತು. "ನಾನು ಬಿಟ್ಟಿದ್ದೀನಲ್ಲ, ಅದನ್ನ ಎಲ್ಲಿ ಬರ್ಕೋತೀರಿ?" ಎಂದು ಅವನು ಕೇಳಿದ. ಅವಳು ಕಾಗದವನ್ನು ಈ ಕಡೆ ತಿರುವಿದಳು, ಆ ಕಡೆ ತಿರುವಿದಳು. ಜಾಗವಿರಲಿಲ್ಲ. ಪತ್ರಿಕೆ ಮಾಡಿದವರು ಕುಡಿಯಲು ಶುರು ಮಾಡುವವರನ್ನು ಕಂಡಿದ್ದರು, ಬಿಡುವವರನ್ನು ಕಂಡಿರಲಿಲ್ಲವೆಂದು ತೋರುತ್ತದೆ.

ಮೂವತ್ತಕ್ಕೆ ಇಪ್ಪತ್ತಾರು ಬಂತು. ಶಾಲೆಯಲ್ಲಿ ಒಮ್ಮೆಯೂ ನೆಟ್ಟಗೆ ಪಾಸಾಗದವನು ಇಡೀ ಕಾರ್ಖಾನೆಗೆ ಮೊದಲ ರ‍್ಯಾಂಕು ಬಂದಿದ್ದ. ದಿನವೂ ಕುಡಿಯುವ ಭಾವನಿಗೆ ಎರಡು.

"ಆ ಎರಡು ಹೇಗೆ ಬಂತೋ ಅದೇ ತಿಳೀಲಿಲ್ಲ," ಎಂದು ಭಾವ ಅಂದು ಸಂಜೆ ತಂಗಿಯ ಮನೆಯಲ್ಲಿ ಕಾಲು ಚಾಚಿ ಕೂತು ಬೇಜಾರು ಮಾಡಿಕೊಂಡ. "ಎಷ್ಟು ಸಲ ಕುಡೀತೀರಿ ಅಂದ್ಳು, ದಿನಾ ಅಂದೆ. ಸುಳ್ಳು ಯಾಕೆ ಹೇಳ್ಲಿ? ಎಷ್ಟು ಗ್ಲಾಸು ಅಂದ್ಳು, ಒಂದು ಅಂದೆ. ಎರಡನೇದು ಮುಟ್ಟಿದವನಲ್ಲ ನಾನು. ಕಡಿಮೆ ಮಾಡ್ಬೇಕು ಅನ್ನಿಸಿದ್ಯಾ ಅಂದ್ಳು. ಯಾಕೆ ಅನ್ನಿಸ್ಬೇಕು? ಬಿಡೋಕೆ ಹೋಗಿ ಸೋತಿದ್ದೀರಾ ಅಂದ್ಳು. ಬಿಡೋಕೆ ಹೋದ್ರೆ ತಾನೇ ಸೋಲೋದು? ಪಶ್ಚಾತ್ತಾಪ ಉಂಟಾ ಅಂದ್ಳು. ನಾನೇನು ಕದ್ದು ಕುಡೀತೀನಾ?"

ಒಂದು ಮಾತೂ ಸುಳ್ಳಲ್ಲ. ಆ ಒಂದು ಗ್ಲಾಸು ಎಂಥದ್ದು ಎಂದು ಪತ್ರಿಕೆ ಕೇಳಲಿಲ್ಲ, ಭಾವ ಹೇಳಲಿಲ್ಲ. ಇಬ್ಬರೂ ಸತ್ಯವನ್ನೇ ನುಡಿದು, ಕುಡಿಯದವನು ಕುಡುಕನೂ ಕುಡಿಯುವವನು ಸಾಧುವೂ ಆಗಿ ಹೊರಬಂದಿದ್ದರು.

ಮಾರನೇ ದಿನ ಸೂಪರ್‌ವೈಸರ್ ಮೇಲಿನವನನ್ನು ಕರೆಸಿಕೊಂಡ. "ಇದೇ ಪ್ರಶ್ನೆಗಳನ್ನ ಹದಿನೈದು ದಿನ ಬಿಟ್ಟು ಮತ್ತೆ ಕೇಳ್ತಾರಂತೆ. ಎರಡು ಸಲಾನೂ ಒಂದೇ ಉತ್ತರ ಬಂದ್ರೆ ಪೇಪರು ನಂಬೋ ಹಾಗಿದೆ ಅಂತ ಲೆಕ್ಕ. ಆಗ್ಲೂ ಮಾರ್ಕು ಇಷ್ಟೇ ಇದ್ರೆ ನೀನು ಇಳೀಬೇಕಾಗುತ್ತೆ."

"ಸಾರ್, ನಾನು ಕುಡಿಯಲ್ಲ ಅಂತ ನಿಮ್ಗೆ ಗೊತ್ತಲ್ಲ."

"ನನಗೆ ಗೊತ್ತಪ್ಪ. ಪೇಪರಿಗೆ ಗೊತ್ತಿಲ್ವಲ್ಲ."

"ಇಳಿಸಿದ್ರೆ ಎಲ್ಲಿಗೆ ಹಾಕ್ತೀರಿ?"

ಸೂಪರ್‌ವೈಸರ್ ಗೇಟಿನ ಕಡೆ ನೋಡಿದ, ಆಮೇಲೆ ತನ್ನ ಬೂಟು ನೋಡಿಕೊಂಡ. ಮೇಲಿನವನಿಗೆ ಅರ್ಥವಾಯಿತು. ಗುಜರಿ ಅಂಗಳ. ಎದುರಿಗೆ ಆ ಅಂಗಡಿ. ಇಳಿದ ದಿನವೇ ಬೀದಿಯವರೆಲ್ಲ ‘ಮತ್ತೆ ಶುರು ಮಾಡಿದ್ದಾನೆ’ ಅನ್ನುತ್ತಾರೆ. ಹೇಗೂ ಅನ್ನಿಸಿಕೊಂಡಾಯ್ತಲ್ಲ ಎಂದು ನೆಂಟ ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ಅದನ್ನು ತಡೆಯುವ ಶಕ್ತಿ ತನಗೆ ಎರಡನೇ ಸಲ ಇದೆಯೆಂದು ಅವನಿಗೆ ನಂಬಿಕೆಯಿರಲಿಲ್ಲ.

ದಾರಿ ತೋರಿಸಿದವನು ಭಾವ. "ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ? ಏನೇ ಕೇಳ್ಲಿ, ಇಲ್ಲ ಅನ್ನು. ಶೆಡ್ಡಲ್ಲಿ ಎಲ್ರೂ ಹಾಗೇ ಮಾಡ್ತಿರೋದು. ಬಾ, ನಾನು ಕಲಿಸ್ತೀನಿ."

ಮೇಲಿನವನು ಹೆಂಡತಿಯ ಮುಖ ನೋಡಿದ. ಸುಳ್ಳಿಗೆ ಬಾಗಿಲು ತೆಗೆಯೆನೆಂದವಳು ಅವಳೇ. ಅವಳು ಸೆರಗಿನ ತುದಿ ತಿರುಚುತ್ತ, "ಕಾಗದಕ್ಕೆ ತಾನೇ ಹೇಳೋದು," ಎಂದಳು. "ನನಗಲ್ವಲ್ಲ."

ಸರಿ, ದಿನವೂ ಸಂಜೆ ಪಾಠ ಶುರುವಾಯಿತು. ಹೆಂಡತಿ ನರ್ಸಮ್ಮ; ಕೈಯಲ್ಲಿ ಪೆನ್ನಿನ ಬದಲು ಸೌಟು. ಭಾವ ಮೇಷ್ಟ್ರು. ಮೇಲಿನವನಂಥ ದಡ್ಡ ವಿದ್ಯಾರ್ಥಿ ಇನ್ನೊಬ್ಬನಿರಲಿಕ್ಕಿಲ್ಲ.

"ಕುಡಿಯೋ ಆಸೆ ಬರುತ್ತಾ?"

"ಇಲ್ಲ... ಅಂದ್ರೆ..."

"ಅಂದ್ರೆ ಬೇಡ," ಎಂದು ಭಾವ ತೊಡೆ ತಟ್ಟಿಕೊಂಡ. "ಇಲ್ಲ ಅಂದ್ಮೇಲೆ ಬಾಯಿ ಮುಚ್ಚು. ಇನ್ನೊಂದ್ಸಲ."

"ಪಶ್ಚಾತ್ತಾಪ ಆಗಿದ್ಯಾ?"

"ಇಲ್ಲ ಅಂತ ಹೇಳೋಕೇ ಪಶ್ಚಾತ್ತಾಪ ಆಗ್ತಿದೆ ಭಾವ."

ಅವನ ಕಿವಿ ಕೆಂಪಾಗುತ್ತಿತ್ತು, ಕೈ ತಾನಾಗಿ ಕುತ್ತಿಗೆ ಕೆರೆಯುತ್ತಿತ್ತು. ಭಾವ ಪಟ್ಟು ಬಿಡಲಿಲ್ಲ. ನರ್ಸಮ್ಮನ ಕಣ್ಣು ನೋಡಬೇಡ, ಅವಳ ಹಿಂದಿನ ಗಡಿಯಾರ ನೋಡು. ಉತ್ತರಕ್ಕೆ ಮುಂಚೆ "ಯಾರು, ನಾನಾ?" ಅನ್ನು. ದನಿಯಲ್ಲಿ ಸ್ವಲ್ಪ ನೋವಿರಲಿ, ಸಿಟ್ಟು ಬೇಡ. ಹೀಗೆ ಒಂದೊಂದಾಗಿ ತಿದ್ದಿದ. ದಿನವೂ ಸುಳ್ಳಾಡುವ ಗೋಜಿಲ್ಲದ ಭಾವನಿಗೆ ಈ ವಿದ್ಯೆಯೆಲ್ಲ ಎಲ್ಲಿಂದ ಬಂತೋ. ಅವನೇ ಹೇಳುವ ಪ್ರಕಾರ, ಅದು ನೋಡಿ ಕಲಿತದ್ದು.

ಎರಡನೇ ವಾರದ ಒಂದು ಸಂಜೆ ಅವನ ನಾಲಿಗೆಯ ಬೀಗ ತೆರೆದುಕೊಂಡಿತು. ಅದು ಹೇಗಾಯಿತೆಂದು ಅವನಿಗೇ ಗೊತ್ತಾಗಲಿಲ್ಲ. ಹೆಂಡತಿ ಕೇಳುತ್ತ ಹೋದಳು, ಅವನು ಹೇಳುತ್ತ ಹೋದ. "ಬೆಳಿಗ್ಗೆ ಹೊತ್ತು ಕುಡಿದಿದ್ದೀರಾ?" "ಯಾರು, ನಾನಾ?" "ಆಸೆ ಬರುತ್ತಾ?" "ಛೆ, ಅಂಥದ್ದೇನಿಲ್ಲ." ಕಿವಿ ಕೆಂಪಾಗಲಿಲ್ಲ. ಕೈ ತೊಡೆಯ ಮೇಲೆ ತಣ್ಣಗೆ ಕೂತಿತ್ತು. ಮುಖದಲ್ಲೊಂದು ಮುಗ್ಧ ನಗು ಬೇರೆ. ಭಾವ ಎದ್ದು ನಿಂತು, "ಇವನು ಪಾಸು. ನಾಳೆಯಿಂದ ನಾನು ಇವನ ಹತ್ರ ಕಲೀಬೇಕು," ಎಂದ.

ಹೆಂಡತಿ ನಗಲಿಲ್ಲ. ಸೌಟನ್ನು ಮೆಲ್ಲಗೆ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಏನೋ ಹೊತ್ತಿರಬೇಕೆಂದು ಇವನು ಹಿಂದೆಯೇ ಹೋದರೆ, ಅವಳು ನಲ್ಲಿ ಬಿಟ್ಟುಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಏನಾಯ್ತು?"

"ಏನಿಲ್ಲ. ಚೆನ್ನಾಗಿ ಹೇಳಿದ್ರಿ."

"ಮತ್ತೆ?"

"ಆಗ ಹೀಗೇ ಹೇಳ್ತಿದ್ರಿ. ಬಾಗಿಲಲ್ಲಿ ನಿಂತ್ಕೊಂಡು. ‘ಯಾರು, ನಾನಾ?’ ಅಂತ. ಇದೇ ನಗು." ಅವಳು ನಲ್ಲಿ ನಿಲ್ಲಿಸಿದಳು. "ಆ ದನಿ ಹೋಯ್ತು ಅಂದ್ಕೊಂಡಿದ್ದೆ. ಎಲ್ಲೂ ಹೋಗಿಲ್ಲ, ಇಲ್ಲೇ ಇದೆ."

ಭಾವ ತನ್ನ ಹೊತ್ತಾಯಿತೆಂದು ಎದ್ದು ಹೋದ. ಇವಳು ತಟ್ಟೆ ಹಾಕುವ ಮುಂಚೆ ಎಂದಿನಂತೆ, ಆದರೆ ಅವನ ಕಡೆ ನೋಡದೆ, ಕೇಳಿದಳು: "ಇವತ್ತು ನೆಂಟ ಬಂದಿದ್ನಾ?"

"ಇಲ್ಲ," ಎಂದ ಅವನು. "ಇವತ್ತು ಬರ್ಲಿಲ್ಲ."

ನೆಂಟ ಬಂದಿದ್ದ. ಬೆಳಿಗ್ಗೆಯೊಮ್ಮೆ ಬಂದು, ಸಂಜೆ ಗೇಟಿನ ಹತ್ತಿರ ಇನ್ನೊಮ್ಮೆ ಬಂದು ಹೆಗಲ ಮೇಲೆ ಕೈಹಾಕಿ ಮನೆಯ ತಿರುವಿನವರೆಗೂ ಜೊತೆಗೆ ನಡೆದಿದ್ದ. ಸುಳ್ಳು ಹೇಳಬೇಕೆಂದು ಅವನು ಯೋಚಿಸಿಯೂ ಇರಲಿಲ್ಲ. ಬಾಯಿ ತಾನಾಗಿ ಹೇಳಿತು, ಎಣ್ಣೆ ಹಾಕಿದ ಕೀಲಿನ ಹಾಗೆ ಸಲೀಸಾಗಿ. ಅವಳು "ಸರಿ" ಎಂದು ಬಡಿಸಿದಳು. ಈಗ ಹೇಳಿಬಿಡೋಣ, ಈಗ ಹೇಳಿಬಿಡೋಣ ಎಂದುಕೊಳ್ಳುತ್ತಲೇ ಅವನು ಕೈತೊಳೆದ. ಅದಾದ ಮೇಲೆ ಹೇಳುವುದು ದಿನದಿನಕ್ಕೂ ಕಷ್ಟವಾಗುತ್ತ ಹೋಯಿತು.

ಎರಡನೇ ಪರೀಕ್ಷೆಯ ದಿನ ಹೊರಡುವಾಗ ಅವಳು ಊಟದ ಡಬ್ಬಿ ಕೊಟ್ಟು, "ಕ್ರೇನು ಹೋದ್ರೆ ಹೋಗ್ಲಿ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ," ಎಂದಳು. "ಸುಳ್ಳು ಹೇಳಿ ಬನ್ನಿ ಅನ್ನೋಕೂ ಬರ್ತಿಲ್ಲ. ನಿಮಗೆ ಬಿಟ್ಟಿದ್ದು."

ಪ್ರಥಮ ಚಿಕಿತ್ಸೆ ಕೋಣೆಯ ಮುಂದೆ ಸಾಲು ನಿಂತಿತ್ತು. ಹದಿನೈದು ದಿನದಲ್ಲಿ ಕಾರ್ಖಾನೆಗೆ ಕಾರ್ಖಾನೆಯೇ ಸನ್ಯಾಸ ತೆಗೆದುಕೊಂಡಿತ್ತು. ಮೊದಲ ಸಲ ‘ವಾರಕ್ಕೊಮ್ಮೆ’ ಎಂದಿದ್ದ ವೆಲ್ಡರು ಈಗ ಹುಟ್ಟಿದಂದಿನಿಂದ ಮುಟ್ಟಿಲ್ಲವೆಂದ. ಲಾರಿಗೆ ತುಂಬುವವನೊಬ್ಬ ‘ಮದ್ಯ ಅಂದ್ರೇನು’ ಎಂದು ನರ್ಸಮ್ಮನನ್ನೇ ಕೇಳಿದ. ನಿಜವಾಗಿ ಯಾವತ್ತೂ ಕುಡಿಯದ, ಕೆಳಗೆ ನಿಂತು ಕ್ರೇನಿಗೆ ಕೈಸನ್ನೆ ಮಾಡುವ ಸನ್ನೆಯವನು, ಎಲ್ಲರೂ ಇಲ್ಲ ಅನ್ನುವುದನ್ನು ಕಂಡು ತನ್ನನ್ನು ನಂಬುತ್ತಾರೋ ಇಲ್ಲವೋ ಎಂದು ಹೆದರಿ, ತಿಂಗಳಿಗೊಮ್ಮೆ ಸ್ವಲ್ಪ ಎಂದು ಬರೆಸಿ ಬಂದ. ನರ್ಸಮ್ಮ ಎರಡೆರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡು ಹಣೆ ಒತ್ತಿಕೊಳ್ಳುತ್ತಿದ್ದಳು.

ಮೇಲಿನವನು ಸ್ಟೂಲಿನ ಮೇಲೆ ಕೂತ. ಅವಳ ಹಿಂದೆ ಗಡಿಯಾರ ಇತ್ತು.

"ಎಂದಾದರೂ ಕುಡಿತವನ್ನು ಕಡಿಮೆ ಮಾಡಬೇಕು ಎಂದು ಅನ್ನಿಸಿದೆಯೇ?"

"ಯಾರು," ಎಂದು ಅವನ ಬಾಯಿ ಶುರು ಮಾಡಿತು. ನಗುವೂ ಬಂದು ತುಟಿಯ ಮೇಲೆ ಸಿದ್ಧವಾಗಿ ಕೂತಿತು. ತನ್ನ ಮುಖ ತನ್ನನ್ನು ಕೇಳದೆಯೇ ಕೆಲಸ ಮಾಡುತ್ತಿದೆಯೆಂದು ಅವನಿಗೆ ಗೊತ್ತಾಯಿತು. ಅವನು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ.

"ಹೌದು, ಬರ್ಕೊಳ್ಳಿ ನರ್ಸಮ್ಮ. ಅನ್ನಿಸಿದೆ. ಪಶ್ಚಾತ್ತಾಪ ಆಗಿದೆ. ಬೆಳಿಗ್ಗೆ ಕುಡಿದಿದ್ದೀನಿ. ಆಸೆ ದಿನಾ ಬರುತ್ತೆ, ಈಗ್ಲೂ ಇಲ್ಲೇ ಕೂತಿದೆ. ಎಲ್ಲಾ ಹೋದ ಸಲದ ಹಾಗೇ."

ಮೂವತ್ತಕ್ಕೆ ಇಪ್ಪತ್ತಾರು. ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎದ್ದು ಹೋಗಿ ಊಟದ ಡಬ್ಬಿ ತೆಗೆದುಕೊಂಡು ಗುಜರಿ ಅಂಗಳದ ಕಡೆ ನಡೆಯೋಣವೆಂದುಕೊಂಡರೆ, ಒಳಕೋಣೆಗೆ ಬರಬೇಕಂತೆ ಎಂದಳು ನರ್ಸಮ್ಮ. ದೊಡ್ಡ ಆಫೀಸಿನಿಂದ ಡಾಕ್ಟರಮ್ಮ ಬಂದಿದ್ದರು.

ಡಾಕ್ಟರಮ್ಮ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. "ಕೂತ್ಕೊಳ್ಳಿ. ಈ ಶೆಡ್ಡಲ್ಲಿ ಎರಡು ಸಲಾನೂ ಒಂದೇ ಉತ್ತರ ಕೊಟ್ಟವರು ಇಬ್ಬರೇ. ನೀವು ಮೇಲಿಂದ ಮೊದಲು, ಇನ್ನೊಬ್ಬರು ಕೆಳಗಿಂದ. ಕೊನೇ ಸಲ ಕುಡಿದಿದ್ದು ಯಾವಾಗ?"

"ಮಗಳು ಶಾಲೆಗೆ ಸೇರಿದ ವರ್ಷ."

"ಈಗ ಮಗಳು?"

"ಆರನೇ ಕ್ಲಾಸು."

ಡಾಕ್ಟರಮ್ಮ ಹುಡುಕುವುದನ್ನು ನಿಲ್ಲಿಸಿದರು. "ಇದನ್ನ ಯಾರಾದ್ರೂ ಕೇಳಿದ್ರಾ?"

"ಕಾಗದದಲ್ಲಿ ಇರ್ಲಿಲ್ಲ."

"ಕಾಗದ ಅಷ್ಟೇ ಮಾಡೋದು. ನಾಯಿ ಬೊಗಳ್ತು ಅಂತ ಬಂದವನನ್ನೆಲ್ಲ ಕಳ್ಳ ಅನ್ನೋಕಾಗುತ್ತಾ? ಎದ್ದು ಬಾಗಿಲು ತೆಗೆದು ನೋಡ್ಬೇಕು. ನಿಮ್ಮವರು ನೋಡ್ದೇ ದೊಣ್ಣೆ ತಗೊಂಡಿದ್ದಾರೆ." ಆಮೇಲೆ ಅವರು ಸ್ವಲ್ಪ ಮುಂದೆ ಬಾಗಿ ಕೇಳಿದರು: "ಹೊರಗೆ ಎಲ್ರೂ ಉತ್ತರ ಬದಲಾಯಿಸಿದ್ದಾರೆ. ನಿಮಗೆ ಯಾರೂ ಹೇಳಿಕೊಡ್ಲಿಲ್ವಾ?"

"ಕೊಟ್ರು. ಕಲಿತೆ ಕೂಡ."

"ಮತ್ತೆ ಯಾಕೆ ಹೇಳ್ಲಿಲ್ಲ? ಬರ್ಲಿಲ್ವಾ?"

"ಚೆನ್ನಾಗಿ ಬಂತು," ಎಂದ ಅವನು. "ಅದಕ್ಕೇ ಭಯ ಆಯ್ತು."

ಡಾಕ್ಟರಮ್ಮ ಒಂದು ಹಾಳೆ ಎಳೆದುಕೊಂಡು ಬರೆದರು. ಇವರು ಕ್ರೇನು ನಡೆಸಲು ಯೋಗ್ಯರು, ತಿಂಗಳಿಗೊಮ್ಮೆ ನನ್ನ ಹತ್ತಿರ ಮಾತಾಡಲು ಬರಬೇಕು ಎಂದು ಬರೆದು ಸಹಿ ಹಾಕಿದರು. ಅವನಿಗೆ ಅದನ್ನು ಓದಲು ಆಗಲಿಲ್ಲ, ಕಣ್ಣು ಮಂಜಾಗಿತ್ತು. ಅವರೇ ಓದಿ ಹೇಳಬೇಕಾಯಿತು.

ಅಷ್ಟರಲ್ಲಿ ಭಾವ ಬಂದ. ಇವನು ಏಳಲು ಹೋದರೆ, "ಇರ್ಲಿ ಇರ್ಲಿ, ನಮ್ಮವನೇ," ಎಂದು ಹೆಗಲು ಒತ್ತಿ ಕೂರಿಸಿದ. ಎರಡು ಸಲ ಎರಡೇ ಮಾರ್ಕು ಬಂದ ಧೈರ್ಯ.

"ದಿನಾ ಒಂದು ಗ್ಲಾಸು ಅಂದಿದ್ದೀರಿ. ಎಂಥ ಗ್ಲಾಸು?" ಎಂದು ಡಾಕ್ಟರಮ್ಮ ಕೇಳಿದರು.

ಭಾವನಿಗೆ ಸಂತೋಷವಾಯಿತು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಹಗಲು ನೀರು ಕುಡಿಯಲೂ ಅದೇ ಬೇಕೆಂದು ಜೊತೆಗೇ ಇಟ್ಟುಕೊಳ್ಳುತ್ತಿದ್ದುದರಿಂದ, ಚೀಲಕ್ಕೆ ಕೈಹಾಕಿ ಹೊರತೆಗೆದು ಮೇಜಿನ ಮೇಲಿಟ್ಟ. ಹಿತ್ತಾಳೆಯದು, ಅವರಪ್ಪನ ಕಾಲದ್ದು. ಅದಕ್ಕೆ ಲೋಟ ಎನ್ನಲು ಧೈರ್ಯ ಬೇಕು. ಚಿಕ್ಕ ಮನೆಯಲ್ಲಾದರೆ ಅದರಲ್ಲಿ ಅನ್ನ ಮಾಡಬಹುದು.

ಡಾಕ್ಟರಮ್ಮ ನರ್ಸಮ್ಮನಿಂದ ಅಳತೆಯ ಜಗ್ಗು ತರಿಸಿ ಅದಕ್ಕೆ ನೀರು ಹೊಯ್ದರು. ಜಗ್ಗು ಬರಿದಾಯಿತು. ಲೋಟ ಇನ್ನೂ ಬಾಯಿ ತೆರೆದುಕೊಂಡಿತ್ತು. ಎರಡನೇ ಜಗ್ಗು ತಂದರು. ನರ್ಸಮ್ಮ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದವಳು ಇನ್ನೊಂದು ಕೈಗೆ ಹೋದಳು.

"ಇದೂ ಒಂದೇ ಅಲ್ವಾ?" ಎಂದ ಭಾವ. ಅವನ ದನಿಯಲ್ಲಿ ಮೋಸವಿರಲಿಲ್ಲ. ಅವನು ನಿಜವಾಗಿಯೂ ಕೇಳುತ್ತಿದ್ದ.

"ಕಾಗದದ ಲೆಕ್ಕಕ್ಕೆ ಒಂಬತ್ತು ಗ್ಲಾಸು," ಎಂದರು ಡಾಕ್ಟರಮ್ಮ. ಬೈಯಲಿಲ್ಲ. ಭಾವನ ಪತ್ರಿಕೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲೂ ಎರಡು ಸಲ ಇಲ್ಲ ಅಂದಿದ್ದೀರಿ. ನಿಮ್ಮ ಕುಡ್ತದ ಬಗ್ಗೆ ಮನೆಯವರು ಯಾರಾದ್ರೂ ಚಿಂತೆ ಮಾಡಿ ಕೇಳಿದ್ದುಂಟಾ ಅಂತ. ಯಾರೂ ಕೇಳಿಲ್ವಾ?" ಎಂದರು.

"ಇಲ್ಲ."

"ಒಬ್ರೂ?"

"ಯಾರಿದ್ದಾರೆ ಕೇಳೋಕೆ? ಒಬ್ಳು ತಂಗಿ. ಅವಳಿಗೆ ಇವನನ್ನ ಕೇಳೋದೇ ದೊಡ್ಡ ಕೆಲಸ," ಎಂದು ಮೇಲಿನವನನ್ನು ತೋರಿಸಿ ಭಾವ ನಕ್ಕ. ಯಾರೂ ನಗದಿದ್ದುದರಿಂದ ಅವನ ನಗು ಸ್ವಲ್ಪ ದೂರ ಹೋಗಿ ನಿಂತಿತು. ಭಾವನನ್ನು ಕ್ರೇನಿನಿಂದ ಇಳಿಸುವುದೆಂದಾಯಿತು. ಸದ್ಯಕ್ಕೆ ಮನೆಯಲ್ಲಿರಬೇಕು, ವಾರಕ್ಕೆರಡು ಸಲ ಆಸ್ಪತ್ರೆಗೆ ಬರಬೇಕು, ಒಮ್ಮೆಲೇ ನಿಲ್ಲಿಸದೆ ತಾವು ಹೇಳಿದ ಹಾಗೆ ಕಡಿಮೆ ಮಾಡಬೇಕೆಂದು ಡಾಕ್ಟರಮ್ಮ ಹೇಳಿದರು. ಗುಜರಿ ಅಂಗಳ ಮಾತ್ರ ಬೇಡವೆಂದು ಮೇಲಿನವನು ಬಾಯಿಬಿಟ್ಟು ಕೇಳಿಕೊಂಡ. ಡಾಕ್ಟರಮ್ಮ ಅದನ್ನೂ ಬರೆದುಕೊಂಡರು.

ಅಂದು ಸಂಜೆ ಅವನು ಮನೆಗೆ ಬಂದು, ಹೆಂಡತಿ ಏನೂ ಕೇಳುವ ಮುಂಚೆಯೇ, ನಿಂತಲ್ಲೇ ಹೇಳಿದ: "ಕ್ರೇನು ಉಳೀತು. ನಿಜಾನೇ ಹೇಳ್ದೆ. ಆದ್ರೆ ಆವತ್ತು ನೆಂಟ ಬರ್ಲಿಲ್ಲ ಅಂದ್ನಲ್ಲ, ಬಂದಿದ್ದ. ನಿನಗೆ ಸುಳ್ಳು ಹೇಳ್ದೆ."

"ಗೊತ್ತು," ಎಂದಳು ಅವಳು. "ನೀವು ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ. ಇನ್ನೆರಡು ದಿನ ನೋಡಿ ಬಾಗಿಲು ಹಾಕ್ತಿದ್ದೆ."

ಅವಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಅವನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ಸನ್ನೆಯವನ ಉತ್ತರ ಕೇಳಿ ಅವಳು ನಕ್ಕಳು. ಅಣ್ಣನ ಲೋಟಕ್ಕೆ ಎರಡನೇ ಜಗ್ಗು ತಂದ ಕಥೆ ಕೇಳಿ ಇನ್ನಷ್ಟು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವನು ಕೊನೆಯ ಪ್ರಶ್ನೆ ಹೇಳಿದ. ಹೇಳಬಾರದಿತ್ತೇನೋ ಎಂದು ಹೇಳುವಾಗಲೇ ಅನ್ನಿಸಿತು, ಆದರೆ ಬಚ್ಚಿಡುವುದು ಅವನಿಗೆ ಸಾಕಾಗಿತ್ತು.

"ಯಾರೂ ಕೇಳಿಲ್ಲ ಅಂದ್ನಾ?"

"ಎರಡು ಸಲಾನೂ."

"ಅವನು ಸುಳ್ಳು ಹೇಳಿಲ್ಲ," ಎಂದಳು ಅವಳು. "ನಾನು ಒಂದು ದಿನಾನೂ ಕೇಳಿಲ್ಲ ಕಣ್ರೀ. ಒಡಹುಟ್ಟಿದವನು. ದಿನಾ ಇಲ್ಲಿ ಕೂತು ಎದ್ದು ಹೋಗ್ತಿದ್ದ, ಎಲ್ಲಿಗೆ ಹೋಗ್ತಾನೆ ಅಂತ ನನಗೆ ಗೊತ್ತಿತ್ತು. ಅವನು ಬೀಳಲ್ವಲ್ಲ ಅಂತ ಬಿಟ್ಟಿದ್ದೆ."

ಅವಳು ಎದ್ದು ಒಲೆ ಆರಿಸಿದಳು. ಕೈಗೆ ಹಿಟ್ಟು ಮೆತ್ತಿದ್ದನ್ನೂ ನೋಡಿಕೊಳ್ಳದೆ ಚಪ್ಪಲಿ ಮೆಟ್ಟಿ ಹೊರಟಳು. ಅವನೂ ಹಿಂದೆಯೇ ಹೋದ. ಎರಡು ಬೀದಿ ದಾಟುವವರೆಗೂ ಅವನಿಗೆ ಹೆಜ್ಜೆ ಸೇರಿಸಿ ನಡೆಯುವುದೇ ಕಷ್ಟವಾಯಿತು.

ಭಾವ ಬಾಗಿಲು ತೆಗೆದ. ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ. ಯಾರೂ ಬರುವ ಜಾಗವಲ್ಲವಾದ್ದರಿಂದ ಎರಡನೇ ಕುರ್ಚಿ ಇರಲಿಲ್ಲ. ತಂಗಿಯನ್ನು ಈ ಹೊತ್ತಿನಲ್ಲಿ ತನ್ನ ಬಾಗಿಲಲ್ಲಿ ಕಂಡು ಅವನು ಅಂಗಿಯ ಗುಂಡಿ ಹಾಕಿಕೊಂಡ.

"ಅಣ್ಣ," ಎಂದಳು ಅವಳು, "ನೀನು ಎಷ್ಟು ಕುಡೀತೀಯ? ಯಾವಾಗಿಂದ ಹೀಗೆ?"

ಭಾವ ಅವಳನ್ನು ನೋಡಿದ, ಅವಳ ಹಿಂದೆ ನಿಂತಿದ್ದ ಇವನನ್ನು ನೋಡಿದ. ಏನೋ ತಮಾಷೆ ಮಾಡಲು ಬಾಯಿ ತೆರೆದು ಹಾಗೆಯೇ ಮುಚ್ಚಿದ. ಆಮೇಲೆ ಇದ್ದ ಒಂದು ಕುರ್ಚಿಯನ್ನು ಅಂಗೈಯಿಂದ ಒರೆಸಿ ತಂಗಿಯ ಮುಂದಕ್ಕೆ ಸರಿಸಿದ.

"ಕೂತ್ಕೋ," ಎಂದ. "ಹೇಳೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ."